ಏಳುವ ಹೊತ್ತನ್ನು ಕೊನೆಗೆ ಲೆಕ್ಕ ಹಾಕಿ

ನೀವು ಕೇಳಿರುವುದು ಇಷ್ಟು. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಸರ್ಕಾರಿ ಕಚೇರಿ ಕೆಲಸ, ಮುಂದೆ ಇಲಾಖಾ ಪರೀಕ್ಷೆ ಬೇರೆ, ಥೈರಾಯ್ಡ್ ಮಾತ್ರೆಯೂ ನಡೆಯುತ್ತಿದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಯೋಗ, ಓದು, ಅಡುಗೆ ಎಲ್ಲ ಮುಗಿಸುವುದನ್ನು ಹೇಗೆ ರೂಢಿ ಮಾಡಿಕೊಳ್ಳಲಿ ಅಂತ. ನಾನು ಚಿಕ್ಕಮಗಳೂರಿನವಳು, ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕಿ. ಮಗಳು ಏಳನೇ ಕ್ಲಾಸು, ಮಗ ಎರಡನೇ ಕ್ಲಾಸು, ಮನೆಯಲ್ಲಿ ಅತ್ತೆ ಇದ್ದಾರೆ. ಪರೀಕ್ಷೆಗೂ ಈ ಮಕ್ಕಳನ್ನು ಇಟ್ಟುಕೊಂಡೇ ಓದಿದ್ದೇನೆ. ನೇರವಾಗಿ ಹೇಳುತ್ತೇನೆ, ನಾಲ್ಕೂವರೆಯನ್ನು ಬಿಡಿ.

ಯಾಕೆ ಅಂದರೆ ದೊಡ್ಡವರಿಗೆ ಕಡಿಮೆ ಅಂದರೂ 7 ಗಂಟೆ ನಿದ್ದೆ ಬೇಕು. ನಾಲ್ಕೂವರೆಗೆ ಏಳಬೇಕಾದರೆ ಒಂಬತ್ತೂವರೆಗೆ ನಿದ್ದೆ ಹತ್ತಿರಬೇಕು. ಹಾಸಿಗೆ ಹಾಸುವುದಲ್ಲ, ನಿದ್ದೆ ಹತ್ತಿರಬೇಕು. ಹೋಂವರ್ಕ್, ಊಟ, ಪಾತ್ರೆ, ಮೊಸರಿಗೆ ಹೆಪ್ಪು ಹಾಕುವುದು ಎಲ್ಲ ಮುಗಿಸಿ ಒಂಬತ್ತೂವರೆಗೆ ಯಾವ ತಾಯಿ ಮಲಗಿದ್ದಾಳೆ ಹೇಳಿ? ಬೇಗ ಏಳುವುದನ್ನು ಹೇಳಿಕೊಡುವ ವಿಡಿಯೋಗಳಲ್ಲಿ ಕತ್ತಲಲ್ಲಿ ಎದ್ದು ಧ್ಯಾನ ಮಾಡುವವರ ಮನೆಯಲ್ಲಿ ರಾತ್ರಿ ಪಾತ್ರೆ ಯಾರು ತೊಳೆಯುತ್ತಾರೆ ಅನ್ನುವುದನ್ನು ಮಾತ್ರ ತೋರಿಸುವುದಿಲ್ಲ. ನಮ್ಮ ಊರಿನ ವಿಷಯ ಇನ್ನೊಂದು. ಸಮುದ್ರ ಮಟ್ಟದಿಂದ 1,000 ಮೀಟರಿಗಿಂತ ಎತ್ತರದಲ್ಲಿದೆ. ಜನವರಿಯಲ್ಲಿ ಆರೂಕಾಲಾದರೂ ಹೊರಗೆ ಕತ್ತಲೆ, ಮೈ ಕೊರೆಯುವ ಚಳಿ. ಅಷ್ಟೊತ್ತಿಗೆ ಎದ್ದು ಟೆರೇಸಿನ ಮೇಲೆ ಸೂರ್ಯನಮಸ್ಕಾರ ಮಾಡೋಣ ಅಂದರೆ ಸೂರ್ಯನೇ ಬಂದಿರುವುದಿಲ್ಲ.

ಹಾಗಾದರೆ ಎಷ್ಟೊತ್ತಿಗೆ ಏಳಬೇಕು? ಅದನ್ನು ಕೊನೆಗೆ ತೀರ್ಮಾನ ಮಾಡಿ. ಮೊದಲು ನಿಮ್ಮ ಕೈಯಲ್ಲಿ ಇಲ್ಲದ ಹೊತ್ತು ಯಾವುದು ನೋಡಿ. ನಮ್ಮಲ್ಲಿ ಅದು ಶಾಲೆಯ ವ್ಯಾನು. 7.50ಕ್ಕೆ ರಸ್ತೆ ತಿರುವಿಗೆ ಬರುತ್ತದೆ, ನಮಗೋಸ್ಕರ ನಿಲ್ಲುವುದಿಲ್ಲ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಏಳೂವರೆಗೆ ಬೂಟು. ಏಳೂ ಹತ್ತಕ್ಕೆ ತಿಂಡಿ, ಯಾಕಂದರೆ ಮಗ ಒಂದು ದೋಸೆಯನ್ನು ಇಪ್ಪತ್ತು ನಿಮಿಷ ತಿನ್ನುತ್ತಾನೆ, ಬೈದರೆ ಇಪ್ಪತ್ತೈದು. ಅದಕ್ಕೆ ಮುಂಚೆ ಇಬ್ಬರ ಸ್ನಾನ. ಬಚ್ಚಲು ಒಂದೇ, ಆದ್ದರಿಂದ ಆರೂವರೆಗೆ ಮೊದಲನೆಯವಳು ಒಳಗೆ ಹೋಗಿರಬೇಕು. ಅಂದರೆ ಮಕ್ಕಳನ್ನು ಆರೂಕಾಲಿಗೆ ಎಬ್ಬಿಸಬೇಕು. ಅಡುಗೆಗೆ ನನಗೆ ಮುಕ್ಕಾಲು ಗಂಟೆ ಬೇಕು, ಕಾಫಿಗೆ ಸ್ವಲ್ಪ. ಐದೂವರೆ ಬಂತು ನೋಡಿ. ಐದೂವರೆಗೆ ಎದ್ದರೆ ರಾತ್ರಿ ಹತ್ತೂವರೆಗೆ ಮಲಗಿದರೂ 7 ಗಂಟೆ ಸಿಗುತ್ತದೆ. ಇದು ನಡೆಯುವ ಮಾತು. ಮಕ್ಕಳದ್ದೂ ಹೀಗೇ ಎಣಿಸಿ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಆರೂಕಾಲಿಗೆ ಎಬ್ಬಿಸಬೇಕಾದವರು ಒಂಬತ್ತಕ್ಕೆ ಮಲಗಿರಲೇಬೇಕು. ಬೆಳಗ್ಗೆ ಎಬ್ಬಿಸುವ ಜಗಳದಲ್ಲಿ ಮುಕ್ಕಾಲು ಪಾಲು ಹಿಂದಿನ ರಾತ್ರಿ ಟಿವಿ ಮುಂದೆಯೇ ಶುರುವಾಗಿರುತ್ತದೆ.

ಇನ್ನು ಬೆಳಗಿನ ಹೊತ್ತನ್ನು ನಿಜವಾಗಿ ತಿನ್ನುವುದು ಏನು ಅಂತ ಒಂದೆರಡು ದಿನ ಸುಮ್ನೆ ಗಮನಿಸಿ, ಕ್ಯಾಲೆಂಡರ್ ಹಿಂದೆ ಬರೆದಿಡಿ. ಅಡುಗೆ ಅಂದುಕೊಂಡಿರುತ್ತೇವೆ, ಅಲ್ಲ. ಸಾಕ್ಸಿನ ಜೊತೆ ಸಿಗದಿರುವುದು, ಡೈರಿಗೆ ಸಹಿ, ಐಡಿ ಕಾರ್ಡು, ಏಳೂವರೆಗೆ "ಅಮ್ಮಾ ಇವತ್ತು ಚಾರ್ಟ್ ಪೇಪರ್ ತರೋಕೆ ಹೇಳಿದ್ರು" ಅನ್ನುವ ಮಾತು. ಇವಕ್ಕೆ ಯಾವುದಕ್ಕೂ ಬೆಳಕು ಹರಿಯಬೇಕಾಗಿಲ್ಲ ಅಲ್ವಾ? ಎಲ್ಲವನ್ನೂ ರಾತ್ರಿ ಎಂಟಕ್ಕೆ ತಳ್ಳಿ. ನಮ್ಮ ಮನೆಯಲ್ಲಿ ಎಂಟಕ್ಕೆ ಶಾಲೆಯ ವಾಟ್ಸಾಪ್ ಗ್ರೂಪು ಒಂದು ಸಲ ನೋಡುವುದು, ಡೈರಿ ತೆಗೆಸುವುದು, ಬ್ಯಾಗು ತುಂಬಿ ಬಾಗಿಲ ಹತ್ತಿರ ಇಡುವುದು. ಬಟ್ಟೆ, ಒಳಬಟ್ಟೆ, ಸಾಕ್ಸ್ ಎಲ್ಲ ಒಬ್ಬೊಬ್ಬರದು ಒಂದೊಂದು ಕುರ್ಚಿ ಮೇಲೆ. ಡಿಕಾಕ್ಷನ್‌ಗೆ ಪುಡಿ ಹಾಕಿ ಬಿಸಿನೀರು ಸುರಿದು ಮಲಗುತ್ತೇನೆ, ಬೆಳಗ್ಗೆ ಹಾಲು ಕಾಯಿಸಿದರೆ ಆಯಿತು. ಘಮ ಒಂಚೂರು ಕಡಿಮೆ, ಕಾಫಿ ನಾಡಿನವಳಾಗಿ ಇದನ್ನು ಹೇಳಬಾರದು, ಆದರೂ ಹೇಳಿದ್ದೇನೆ.

ತಿಂಡಿ ವಿಷಯಕ್ಕೆ ಬಂದರೆ, ವಾರದ ದಿನ ಕಡುಬು, ಒತ್ತು ಶಾವಿಗೆ ಬೇಡವೇ ಬೇಡ. ತರಿ ಬೇಯಿಸಿ ಉಂಡೆ ಕಟ್ಟಿ ಮತ್ತೆ ಹಬೆಯಲ್ಲಿ ಇಡುವಷ್ಟು ಹೊತ್ತು ಯಾರಿಗಿದೆ? ಅವು ಭಾನುವಾರಕ್ಕೆ. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ದೋಸೆ ಇಷ್ಟರಲ್ಲೇ ಸುತ್ತುತ್ತೇನೆ. ಸೋಮವಾರ ಇದು, ಮಂಗಳವಾರ ಅದು ಅಂತ ಗೊತ್ತು ಮಾಡಿಬಿಟ್ಟರೆ "ನಾಳೆ ಏನು ತಿಂಡಿ" ಅನ್ನುವ ಪ್ರಶ್ನೆಯೇ ಮನೆಯಲ್ಲಿ ಹುಟ್ಟುವುದಿಲ್ಲ. ಮಕ್ಕಳು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ದೋಸೆ ಹಿಟ್ಟಿನ ಬಗ್ಗೆ ಮಾತ್ರ ಒಂದು ಮಾತು. ಬಯಲುಸೀಮೆಯವರು ಸಂಜೆ ರುಬ್ಬಿಟ್ಟರೆ ಬೆಳಗ್ಗೆ ಉಬ್ಬಿರುತ್ತದೆ ಅನ್ನುತ್ತಾರೆ. ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲಿ, ಮಳೆ ಹಿಡಿದ ಜುಲೈಯಲ್ಲಿ ಹಾಗೆ ನಂಬಿ ಕೂತರೆ ಬೆಳಗ್ಗೆ ಹಿಟ್ಟು ಇಟ್ಟ ಹಾಗೇ ಕೂತಿರುತ್ತದೆ. ಹಿಟ್ಟು ಹುಳಿ ಬರಿಸುವ ಸೂಕ್ಷ್ಮಜೀವಿಗಳಿಗೆ ಬೆಚ್ಚಗೆ ಬೇಕು, ಸುಮಾರು 30 ಡಿಗ್ರಿ ಇದ್ದರೆ ಚುರುಕು, ಚಳಿಯಲ್ಲಿ ಅವೂ ಮುದುಡಿಕೊಳ್ಳುತ್ತವೆ. ಅದಕ್ಕೆ ಬೆಳಗ್ಗೆ ಕಚೇರಿಗೆ ಹೊರಡುವಾಗ ಅಕ್ಕಿ, ಉದ್ದು, ಸ್ವಲ್ಪ ಮೆಂತ್ಯ ನೆನೆಹಾಕಿ, ಸಂಜೆ ಬಂದು ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಪಾತ್ರೆಗೆ ಹಳೇ ಕಂಬಳಿ ಸುತ್ತಿ ಇಡಿ. ನಾಳೆಗೆ ಅಲ್ಲ, ನಾಡಿದ್ದಿಗೆ ಅಂತ ಇಡಿ. ಒಂದು ಸಲ ಉಬ್ಬಿದ ಹಿಟ್ಟು ಫ್ರಿಜ್ಜಿನಲ್ಲಿ ಮೂರು ದಿನ ಆರಾಮಾಗಿ ಇರುತ್ತದೆ.

ಮಳೆಗಾಲಕ್ಕೆ ಬೇರೆಯೇ ಬೆಳಗ್ಗೆ ಬೇಕು, ಇದನ್ನು ಯಾರೂ ಹೇಳುವುದಿಲ್ಲ. ಮಾರ್ಚ್‌ನಲ್ಲಿ ಚೆನ್ನಾಗಿ ನಡೆದ ದಿನಚರಿ ಜೂನ್ ಕಳೆಯುವಷ್ಟರಲ್ಲಿ ಕುಸಿಯುತ್ತದೆ, ಆಮೇಲೆ ನಾವು "ನನಗೆ ಶಿಸ್ತಿಲ್ಲ" ಅಂತ ನಮ್ಮನ್ನೇ ಬೈದುಕೊಳ್ಳುತ್ತೇವೆ. ಶಿಸ್ತಿನ ಮಾತಲ್ಲ ಅದು, ಬಟ್ಟೆ ಒಣಗುವುದಿಲ್ಲ ಅಷ್ಟೇ. ಯೂನಿಫಾರ್ಮ್ ಮೂರು ಜೊತೆ ಇರಲಿ, ಸಾಕ್ಸ್ ಇನ್ನೂ ಜಾಸ್ತಿ ಇರಲಿ. ಬಚ್ಚಲ ಒಲೆ ಇನ್ನೂ ಉಳಿಸಿಕೊಂಡಿರುವ ಮನೆಯವರು ಪುಣ್ಯವಂತರು, ಅದರ ಮೇಲೆ ಹಗ್ಗ ಕಟ್ಟಿ ಒಣಗಿಸಬಹುದು. ನಮ್ಮಂಥವರು ರಾತ್ರಿಯೇ ಇಸ್ತ್ರಿ ಮಾಡಿ ಫ್ಯಾನಿನ ಕೆಳಗೆ ಹಾಕಬೇಕು. ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ಮಲೆನಾಡಿಗೆ ಹೊಸದಲ್ಲ, ಆದ್ದರಿಂದ ಮಿಕ್ಸಿಯ ಕೆಲಸ ಬೆಳಗ್ಗೆಗೆ ಇಟ್ಟುಕೊಳ್ಳಬೇಡಿ. ಚಟ್ನಿ ರಾತ್ರಿಯೇ ರುಬ್ಬಿ ಫ್ರಿಜ್ಜಿಗೆ, ಒಗ್ಗರಣೆ ಬೆಳಗ್ಗೆ. ಸೋಲಾರ್ ನೀರು ಆ ತಿಂಗಳುಗಳಲ್ಲಿ ಇದ್ದೂ ಇಲ್ಲ. ಕರೆಂಟಿನ ಕಾಟಕ್ಕೆ ಗ್ಯಾಸ್ ಗೀಸರ್ ಹಾಕಿಸಿಕೊಂಡಿದ್ದರೆ ದಯವಿಟ್ಟು ಅದನ್ನು ಬಚ್ಚಲ ಒಳಗೆ ಇಡಿಸಬೇಡಿ, ಹೊರಗೆ ಗಾಳಿಯಾಡುವ ಕಡೆ ಇರಲಿ. ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇರುವುದಿಲ್ಲ, ಗೊತ್ತಾಗುವ ಮುಂಚೆ ತಲೆ ಸುತ್ತಿ ಬೀಳುತ್ತಾರೆ, ಜೀವವೇ ಹೋಗುತ್ತದೆ. ಚಳಿ ಅಂತ ಕಿಟಕಿಯನ್ನೂ ಮುಚ್ಚಿಕೊಂಡು ಸ್ನಾನ ಮಾಡುವ ಊರು ನಮ್ಮದು, ಅದಕ್ಕೇ ಹೇಳಿದೆ.

ಈಗ ಮನೆಯವರ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನೀವು, ಮಕ್ಕಳು, ಕಚೇರಿ ಎಲ್ಲ ಇದ್ದೀರಿ, ಯಜಮಾನರು ಎಲ್ಲೂ ಕಾಣಲಿಲ್ಲ. ಇದ್ದಾರೆ ಅಂದುಕೊಂಡು ಹೇಳುತ್ತೇನೆ. "ಬೆಳಗ್ಗೆ ಸ್ವಲ್ಪ ನೋಡಿಕೊಳ್ಳಿ" ಅಂದರೆ ಏನೂ ಆಗುವುದಿಲ್ಲ, ಆ "ಸ್ವಲ್ಪ" ಏನು ಅಂತ ದಿನಾ ನೀವೇ ಹೇಳಿಕೊಡುತ್ತಾ ನಿಲ್ಲಬೇಕು. ಒಂದು ಇಡೀ ಕೆಲಸವನ್ನು ತುದಿಯಿಂದ ತುದಿಗೆ ಕೊಟ್ಟುಬಿಡಿ. ನಮ್ಮಲ್ಲಿ ಮಗನನ್ನು ಎಬ್ಬಿಸುವುದರಿಂದ ಹಿಡಿದು ವ್ಯಾನು ಹತ್ತಿಸುವವರೆಗೆ ಅವರ ಅಪ್ಪನದು. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಿಂದ ತಲೆ ಹಾಕುವುದಿಲ್ಲ. ಬೈತಲೆ ಓರೆಯಾಗಿದ್ದರೆ ಓರೆಯಾಗಿಯೇ ಹೋಗುತ್ತಾನೆ. ಮಗಳು ತನ್ನ ನೀರಿನ ಬಾಟಲಿ, ತಮ್ಮನ ಬಾಟಲಿ ತುಂಬಿ ಬಾಗಿಲಿಗೆ ರಂಗೋಲಿ ಎಳೆಯುತ್ತಾಳೆ. ಮಳೆಗಾಲದಲ್ಲಿ ರಂಗೋಲಿಯಿಂದ ಅವಳಿಗೆ ರಜೆ.

ಅತ್ತೆಗೆ ಸ್ನಾನ ಮಾಡದೆ ಒಲೆ ಹಚ್ಚಬಾರದು ಅನ್ನುವುದಿತ್ತು. ನಿಮ್ಮ ಮನೆಯಲ್ಲೂ ಇರಬಹುದು. ನಾನು ವಾದಕ್ಕೆ ಇಳಿಯಲಿಲ್ಲ. "ಅತ್ತೆ, ಐದೂವರೆಗೆ ನನ್ನ ಸ್ನಾನ ಅಂದರೆ ಮಕ್ಕಳಿಗೆ ಬಿಸಿನೀರು ಸಾಲಲ್ಲ, ಏನು ಮಾಡೋಣ ನೀವೇ ಹೇಳಿ" ಅಂದೆ. ಅವರೇ ದಾರಿ ಹುಡುಕಿದರು. ಹೇಗೂ ಅವರಿಗೆ ಬೇಗ ಎಚ್ಚರ, ಅವರ ಸ್ನಾನ ಮೊದಲು ಮುಗಿಯುತ್ತದೆ, ಹಾಲು ಕಾಯಿಸಿ ದೇವರ ಮುಂದೆ ದೀಪ ಹಚ್ಚುವುದು ಅವರದು, ಆಮೇಲೆ ಅಡುಗೆಮನೆ ನನ್ನದು. ಕೈಕಾಲು ಮುಖ ತೊಳೆದರೆ ಸಾಕು ಅಂತ ಒಪ್ಪಿಕೊಂಡಿದ್ದಾರೆ, ಹಬ್ಬದ ದಿನ ಬಿಟ್ಟು. ಹಿರಿಯರನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ಅರ್ಧ ಜಗಳ ಕಡಿಮೆ.

ಓದು ಮತ್ತು ಯೋಗ. ಇದು ನಿಮ್ಮ ಅಸಲು ಪ್ರಶ್ನೆ ಅಂತ ಗೊತ್ತು. ಬೆಳಗ್ಗೆ ಎರಡೂ ಆಗುವುದಿಲ್ಲ, ಒಂದನ್ನು ಆರಿಸಿ. ಅದನ್ನೂ ಮಕ್ಕಳು ಏಳುವ ಮುಂಚೆ ಇಡಬೇಡಿ, ಅವರು ಹೋದ ಮೇಲೆ ಇಡಿ. ವ್ಯಾನು 7.50ಕ್ಕೆ ಹೋಯಿತು, ಕಚೇರಿ 10ಕ್ಕೆ. ಮಧ್ಯೆ ಎರಡು ಗಂಟೆ ಮೇಲಿದೆ. ಆ ಹೊತ್ತು ಎಲ್ಲಿ ಹೋಗುತ್ತದೆ ಅಂದರೆ ಪಾತ್ರೆ ತೊಳೆಯುವುದು, ಹಾಸಿಗೆ ಮಡಿಸುವುದು, ಮೊಬೈಲ್ ನೋಡುತ್ತಾ ಇನ್ನೊಂದು ಲೋಟ ಕಾಫಿ. ಮನೆ ಹರಡಿಕೊಂಡಿರುವುದನ್ನು ಕಂಡರೆ ನಮಗೆ ಕೂರಲು ಆಗುವುದಿಲ್ಲ, ಹಾಗೇ ಬೆಳೆದಿದ್ದೇವೆ. ಪಾತ್ರೆಗೆ ನೀರು ಬಿಟ್ಟು, ಅಡುಗೆಮನೆ ಬಾಗಿಲು ಎಳೆದು, ಎಂಟರಿಂದ ಎಂಟೂ ಮುಕ್ಕಾಲರವರೆಗೆ ಪುಸ್ತಕ ಹಿಡಿದು ಕೂರಿ. ಕಾಫಿ ಅಲ್ಲೇ ಕುಡಿಯಿರಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿ. ಕತ್ತಲಲ್ಲಿ ತೂಕಡಿಸುತ್ತಾ ಎರಡು ಗಂಟೆ ಓದಿದ್ದಕ್ಕಿಂತ ತಿಂಡಿ ತಿಂದು ಎಚ್ಚರವಾಗಿ ಓದಿದ ಮುಕ್ಕಾಲು ಗಂಟೆ ತಲೆಗೆ ಹತ್ತುತ್ತದೆ. ನಾನು ಇಲಾಖಾ ಪರೀಕ್ಷೆಯ ಅಕೌಂಟ್ಸ್ ಹೈಯರ್ ಪೇಪರ್ ಪಾಸು ಮಾಡಿದ್ದು ಆ ಹೊತ್ತಿನಲ್ಲೇ. ಯೋಗವನ್ನು ಸಂಜೆ ಕಚೇರಿಯಿಂದ ಬಂದ ಕೂಡಲೇ ಹದಿನೈದು ನಿಮಿಷ ಮಾಡಿ, ಅಡುಗೆಮನೆಗೆ ಕಾಲಿಡುವ ಮುಂಚೆ. ಆಮೇಲೆ ಅಂದರೆ ಆಯಿತು, ಮುಗಿಯಿತು.

ಥೈರಾಯ್ಡ್ ಮಾತ್ರೆಯ ವಿಷಯ ಮರೆಯಬೇಡಿ. ಅದನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತಗೊಂಡು ಅರ್ಧದಿಂದ ಒಂದು ಗಂಟೆ ಏನೂ ತಿನ್ನಬಾರದು, ಕಾಫಿಯೂ ಕುಡಿಯಬಾರದು. ಕಾಫಿ ಕುಡಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ತುಂಬಾ ಜನ ಹೆಂಗಸರು ಏಳುತ್ತಲೇ ಮಾತ್ರೆ, ಐದು ನಿಮಿಷಕ್ಕೆ ಕಾಫಿ ಅಂತ ಮಾಡಿ ಆಮೇಲೆ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ನೋಡುವ ಅಂಕಿ) ಯಾಕೆ ಇಳಿಯುತ್ತಿಲ್ಲ ಅಂತ ಕೇಳುತ್ತಾರೆ. ಮಾತ್ರೆ ಮತ್ತು ನೀರು ಹಾಸಿಗೆ ಪಕ್ಕದಲ್ಲೇ ಇರಲಿ, ಅಲಾರಾಂ ಹೊಡೆದ ಕೂಡಲೇ ನುಂಗಿಬಿಡಿ, ಕಾಫಿ ಆರೂಕಾಲಿಗೆ ಮಕ್ಕಳನ್ನು ಎಬ್ಬಿಸುವ ಹೊತ್ತಿಗೆ ಬರಲಿ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯೂ ಇದ್ದರೆ ಅದಕ್ಕೂ ಇದಕ್ಕೂ 4 ಗಂಟೆ ಅಂತರ ಬೇಕು, ಅದನ್ನು ಮಧ್ಯಾಹ್ನದ ಊಟದ ನಂತರಕ್ಕೆ ಹಾಕಿಕೊಳ್ಳಬಹುದಾ ಅಂತ ನಿಮ್ಮ ವೈದ್ಯರನ್ನು ಕೇಳಿ.

ಶನಿವಾರ ನಮ್ಮ ಮಕ್ಕಳಿಗೆ ಬೆಳಗಿನ ಶಾಲೆ, ವ್ಯಾನು ಇನ್ನೂ ಬೇಗ. ಆವತ್ತು ತಿಂಡಿ ಅವಲಕ್ಕಿ, ಬೇರೆ ಮಾತಿಲ್ಲ, ಓದೂ ಇಲ್ಲ. ಎರಡನೇ, ನಾಲ್ಕನೇ ಶನಿವಾರ ನಮಗೆ ರಜೆ ಇರುವುದರಿಂದ ಸರಿ, ಉಳಿದ ಶನಿವಾರ ಮಧ್ಯಾಹ್ನ ಮಕ್ಕಳು ಬರುವಾಗ ಅತ್ತೆ ಇರುತ್ತಾರೆ. ನಿಮ್ಮಲ್ಲಿ ಹಿರಿಯರು ಇಲ್ಲದಿದ್ದರೆ ಇದನ್ನು ಮೊದಲೇ ಪಕ್ಕದ ಮನೆಯವರ ಹತ್ತಿರ ಮಾತಾಡಿಕೊಳ್ಳಿ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನಕ್ಕೂ ಅದೇ ಏರ್ಪಾಡು ಬೇಕಾಗುತ್ತದೆ, ಶಾಲೆಗೆ ರಜೆ ಅಂದರೆ ನಮ್ಮ ಕಚೇರಿಗೆ ರಜೆ ಅಲ್ಲವಲ್ಲ. ಇನ್ನು ನೀವು ಬರೆಯುತ್ತಿರುವುದು ಅಕೌಂಟ್ಸ್ ಹೈಯರಾ, ಜನರಲ್ ಲಾ ಪೇಪರಾ ಅಂತ ತಿಳಿಸಿ. ಅಕೌಂಟ್ಸ್ ಆದರೆ 1958ರ ಕೆಸಿಎಸ್‌ಆರ್, ಅಂದರೆ ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ ರಜೆಯ ಭಾಗದಿಂದ ಶುರು ಮಾಡಿ, ಕಚೇರಿಯಲ್ಲಿ ದಿನಾ ಕೈಗೆ ಬರುವ ವಿಷಯ, ಬೇಗ ಹಿಡಿತಕ್ಕೆ ಸಿಗುತ್ತದೆ.