ಕೇಳಿದವರ ಇಚ್ಛೆಯಂತೆ ಬಟ್ಟೆ ನೇಯುವ ಕೈಮಗ್ಗದವರು ಮೊದಲು ಮಾದರಿ ತುಂಡನ್ನು ಏಕೆ ನೇಯುತ್ತಾರೆ?

ಮಗ್ಗದ ಮೇಲೆ ಬಿಗಿದು ನಿಂತ ಬಟ್ಟೆಯ ಅಳತೆಯೂ ಒಗೆದು ಒಣಗಿಸಿದ ಬಟ್ಟೆಯ ಅಳತೆಯೂ ಒಂದೇ ಆಗಿರುವುದಿಲ್ಲ ಎಂಬುದೇ ಮುಖ್ಯ ಕಾರಣ. ಎಳೆಗಳ ದಟ್ಟಣೆಯನ್ನು ಲೆಕ್ಕದಿಂದ ಅಂದಾಜು ಮಾಡಬಹುದು: ನೂಲನ್ನು ಅಳತೆಪಟ್ಟಿಗೆ ಒತ್ತೊತ್ತಾಗಿ ಸುತ್ತಿದಾಗ ಒಂದು ಅಂಗುಲದಲ್ಲಿ 24 ಸುತ್ತು ಹಿಡಿದರೆ, ಅಡ್ಡಲಾಗಿ ಹಾಯುವ ಹೊಕ್ಕಿನ ನೂಲಿಗೂ ಜಾಗ ಬೇಕಾದ್ದರಿಂದ, ಸಾದಾ ನೇಯ್ಗೆಗೆ ಅಂಗುಲಕ್ಕೆ ಸುಮಾರು 12 ಹಾಸಿನ ಎಳೆಗಳು (ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು) ಸಾಕು, ಓರೆಗೆರೆಯ ಟ್ವಿಲ್ ನೇಯ್ಗೆಗೆ ಸುಮಾರು 16 ಬೇಕು. ಆದರೆ ಉಣ್ಣೆ ಒಗೆದಾಗ ಎಷ್ಟು ಕುಗ್ಗುತ್ತದೆ, ಎರಡು ಬಣ್ಣಗಳು ಹೆಣೆದುಕೊಂಡು ದೂರಕ್ಕೆ ಯಾವ ಛಾಯೆ ತೋರುತ್ತವೆ ಎಂಬುದನ್ನು ಲೆಕ್ಕ ಹೇಳದು (ಕೆಂಪು ಹಾಸಿನ ನಡುವೆ ಹಸಿರು ಹೊಕ್ಕು ಹರಿದರೆ ಬಹಳ ಸಲ ಮಂಕಾದ ಕಂದು ಕಾಣುತ್ತದೆ). ಮಾದರಿಯನ್ನು ಒಗೆಯದೆ ಅಳೆಯುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ ಶ್ರಮ. ನೂಲಿಗೆ ತಾವೇ ಬಣ್ಣ ಹಾಕುವವರು ಮಾತ್ರ ಮಾದರಿಗೂ ಬಟ್ಟೆಗೂ ಬೇಕಾದಷ್ಟನ್ನು ಒಂದೇ ಬಾರಿಗೆ ಅದ್ದಿಟ್ಟುಕೊಳ್ಳಬೇಕು, ಏಕೆಂದರೆ ಅದೇ ಛಾಯೆ ಎರಡನೆಯ ಸಲ ಸಿಗುವುದು ಕಷ್ಟ.