ಅಪವಾದಕ್ಕೆ ಅಂಟಿದ ಅಪವಾದ

ಕಳಸದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ತಿಂಗಳು ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರ ಸಭೆಗೆ ಹೋಗಿದ್ದೆ. ಓದಿದ ಹುಡುಗರು ಯಾರೂ ತೋಟಕ್ಕೆ ಹಿಂತಿರುಗುವುದಿಲ್ಲ ಎಂದು ಒಬ್ಬರು ಭಾಷಣ ಮಾಡಿದರು. ನಮ್ಮ ಪಕ್ಕದ ಮನೆಯ ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ರೋಬಸ್ಟಾ, ಮೆಣಸು ಎರಡನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ ಎಂದೆ. ಅವರು ನಕ್ಕು, 'ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್' ಎಂದರು. ಸಭೆ ಚಪ್ಪಾಳೆ ತಟ್ಟಿತು, ನಾನು ಕುಳಿತುಬಿಟ್ಟೆ. ಅಪವಾದ ನಿಯಮವನ್ನು ಸಾಬೀತು ಮಾಡುವುದು ಹೇಗೆ? ಪ್ರೂವ್ ಎಂದರೆ ಹಿಂದೆ ಪರೀಕ್ಷಿಸು ಎಂಬ ಅರ್ಥವಿತ್ತು ಎನ್ನುತ್ತಾಳೆ ಮಗಳು. ಯಾವುದು ಸರಿ?"

ಮಾನ್ಯರೇ, ನೀವು ಕುಳಿತುಕೊಳ್ಳಬಾರದಿತ್ತು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಬಸ್ಸಿನಲ್ಲಿ ಕಳಸದವರೆಗೆ ಹೊತ್ತುಕೊಂಡು ಹೋಗಿ, ಅಲ್ಲಿಂದ ಅಂಚೆಯಲ್ಲಿ ನನಗೆ ಕಳಿಸುವ ಬದಲು ಅಲ್ಲೇ ಕೇಳಿದ್ದರೆ ಚಪ್ಪಾಳೆ ಯಾರ ಪಾಲಿಗೆ ಬರುತ್ತಿತ್ತೋ!

ಮಗಳ ಮಾತನ್ನು ಮೊದಲು ಮುಗಿಸುತ್ತೇನೆ. ಪ್ರೂವ್ ಎಂಬುದಕ್ಕೆ ಪರೀಕ್ಷಿಸು ಎಂಬ ಅರ್ಥವಿದ್ದದ್ದು ನಿಜ. ಅಚ್ಚಿಗೆ ಮೊದಲು ನಾವು ತಿದ್ದುವ ಪ್ರೂಫ್ ಆ ಅರ್ಥದ ಕುಡಿಯೇ. ಅಪವಾದ ಎದುರಾದಾಗ ನಿಯಮ ಪರೀಕ್ಷೆಗೆ ಒಳಗಾಗುತ್ತದೆ ಎಂಬ ವಿವರಣೆ ಕೇಳಲು ಸೊಗಸಾಗಿದೆ, ವಿಜ್ಞಾನದ ಮೇಷ್ಟರಿಗೆ ಹಿಡಿಸುತ್ತದೆ. ಆದರೆ ಈ ಮಾತು ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ನ್ಯಾಯಾಲಯದಲ್ಲಿ.

ಕ್ರಿ.ಪೂ. 56ರಲ್ಲಿ ರೋಮಿನಲ್ಲಿ ಒಂದು ಮೊಕದ್ದಮೆ ನಡೆಯಿತು. ಸ್ಪೇನಿನ ಗೇಡೀಸ್ ಪಟ್ಟಣದ ಬಾಲ್ಬಸ್ ಎಂಬುವನಿಗೆ ರೋಮಿನ ಸೇನಾಪತಿ ಪಾಂಪೆ ರೋಮನ್ ಪೌರತ್ವ ಕೊಡಿಸಿದ್ದ. ಅದು ಅಕ್ರಮ ಎಂದು ಎದುರಾಳಿಗಳು ದಾವೆ ಹೂಡಿದರು. ಬೇರೆ ಕೆಲವು ಜನಾಂಗಗಳೊಂದಿಗೆ ರೋಮ್ ಮಾಡಿಕೊಂಡಿದ್ದ ಒಪ್ಪಂದಗಳಲ್ಲಿ, ನಿಮ್ಮವರನ್ನು ನಾವು ಪೌರರನ್ನಾಗಿ ಸೇರಿಸಿಕೊಳ್ಳುವುದಿಲ್ಲ ಎಂಬ ಷರತ್ತು ಇತ್ತು. ಅದನ್ನು ಅವರು ಎತ್ತಿ ತೋರಿಸಿದರು. ಬಾಲ್ಬಸನ ಪರ ನಿಂತ ಹೆಸರಾಂತ ವಾಗ್ಮಿ ಸಿಸೆರೊ ಆ ಷರತ್ತನ್ನೇ ತಿರುಗಿಸಿ ಹಿಡಿದ. ಹೊರತುಪಡಿಸಿದ ಕಡೆ ಕೂಡದು ಎಂದಾದರೆ, ಹೊರತುಪಡಿಸದ ಕಡೆ ಕೂಡುತ್ತದೆ ಎಂದೇ ಆಗಬೇಕಲ್ಲವೇ? ಗೇಡೀಸಿನವರ ಒಪ್ಪಂದದಲ್ಲಿ ಅಂಥ ಷರತ್ತು ಎಲ್ಲಿದೆ? ಬಾಲ್ಬಸ್ ಗೆದ್ದ. ಗೆದ್ದದ್ದಷ್ಟೇ ಅಲ್ಲ, ಕ್ರಿ.ಪೂ. 40ರಲ್ಲಿ ರೋಮಿನ ಕಾನ್ಸಲ್, ಅಂದರೆ ಆಡಳಿತದ ಉನ್ನತಾಧಿಕಾರಿ, ಕೂಡ ಆದ. ಹೊರನಾಡಿನವನಾಗಿ ಹುಟ್ಟಿ ಆ ಪದವಿಗೆ ಏರಿದವರಲ್ಲಿ ಅವನೇ ಮೊದಲಿಗ.

ಈ ತರ್ಕವನ್ನೇ ಇಂಗ್ಲೆಂಡಿನ ವಕೀಲರು 17ನೇ ಶತಮಾನದಲ್ಲಿ ಲ್ಯಾಟಿನ್ ಸೂತ್ರವಾಗಿ ಬಳಸುತ್ತಿದ್ದರು. ಆ ಸೂತ್ರಕ್ಕೆ ಒಂದು ಬಾಲವಿತ್ತು. ಹೊರತುಪಡಿಸದ ಪ್ರಸಂಗಗಳಲ್ಲಿ ಅಪವಾದವು ನಿಯಮವನ್ನು ಸ್ಥಿರಪಡಿಸುತ್ತದೆ ಎಂಬುದು ಅದರ ಪೂರ್ಣ ರೂಪ. ಜನ ಬಾಲವನ್ನು ಕತ್ತರಿಸಿ ತಲೆಯನ್ನು ಮಾತ್ರ ಇಟ್ಟುಕೊಂಡರು. 1926ರಲ್ಲಿ ಇಂಗ್ಲಿಷ್ ಬಳಕೆಯ ಕೋಶ ಹೊರತಂದ ಫೌಲರ್ ಮಹಾಶಯ ಸೈನಿಕರ ಉದಾಹರಣೆ ಕೊಟ್ಟು ಇದನ್ನು ಬಿಡಿಸಿ ಹೇಳಿದ. ಇಂದು ರಾತ್ರಿ ಹನ್ನೊಂದರವರೆಗೆ ಹೊರಗಿರಲು ವಿಶೇಷ ಅನುಮತಿ ಎಂದು ಆದೇಶ ಬಂದರೆ, ಉಳಿದ ದಿನ ಬೇಗ ಒಳಗೆ ಸೇರಬೇಕೆಂಬ ನಿಯಮ ಇದೆ ಎಂದು ಅದರಿಂದಲೇ ತಿಳಿಯುತ್ತದೆ.

ಸೈನಿಕರ ಬಿಡಾರದವರೆಗೆ ಹೋಗುವುದೇಕೆ? ಹಾಸನಕ್ಕೆ ಹೋಗೋಣ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ದರ್ಶನ ಎಂದು ಪ್ರಕಟಣೆ ಓದಿದವರಲ್ಲಿ ಯಾರಾದರೂ ವೈಶಾಖದಲ್ಲಿ ಹೂವು ಹಣ್ಣು ಹಿಡಿದು ಬಾಗಿಲ ಮುಂದೆ ನಿಲ್ಲುತ್ತಾರೆಯೇ? ಉಳಿದ ದಿನ ದರ್ಶನವಿಲ್ಲ ಎಂದು ಎಲ್ಲೂ ಬರೆಯಬೇಕಾಗಿಲ್ಲ. ತೆರೆಯುವ ದಿನಗಳನ್ನು ಹೇಳಿದ್ದರಿಂದಲೇ ಮುಚ್ಚಿರುವ ದಿನಗಳು ಗೊತ್ತಾದವು. ಇದು ಅಪವಾದ ನಿಯಮವನ್ನು ತೋರಿಸಿಕೊಡುವ ರೀತಿ. ಅಂಗಡಿಯ ಮುಂದಿನ 'ಮಂಗಳವಾರ ರಜೆ' ಫಲಕವೂ ಅಷ್ಟೇ.

ನಮ್ಮ ಹಿರಿಯರಿಗೆ ಇದನ್ನು ಸಿಸೆರೊ ಬಂದು ಕಲಿಸಬೇಕಾಗಿರಲಿಲ್ಲ. ಪಾಣಿನಿಯ ಪರಂಪರೆಯಲ್ಲಿ ಸಾಮಾನ್ಯ ನಿಯಮಕ್ಕೆ ಉತ್ಸರ್ಗ, ವಿಶೇಷಕ್ಕೆ ಅಪವಾದ ಎಂದು ಹೆಸರು. ಅಪವಾದಕ್ಕೆ ಸಲ್ಲುವ ಜಾಗವನ್ನು ಮೊದಲು ಬಿಟ್ಟುಕೊಟ್ಟು, ಮಿಕ್ಕ ಜಾಗದಲ್ಲಿ ಉತ್ಸರ್ಗ ನೆಲೆಸುತ್ತದೆ ಎಂದು ವೈಯಾಕರಣರು ಹೇಳಿದರು. ಹೈಸ್ಕೂಲಿನ ಕನ್ನಡ ಪಾಠದಲ್ಲಿ ಸಂಧಿಗಳಾದ ಮೇಲೆ ಪ್ರಕೃತಿಭಾವ ಬರುತ್ತಿತ್ತಲ್ಲ, ಅದೂ ಇದೇ ವ್ಯವಸ್ಥೆ. ಇಂತಿಂಥ ಕಡೆ ಸಂಧಿಯಾಗದು ಎಂದು ಎಣಿಸಿ ಹೇಳಿದ್ದರಿಂದ ಉಳಿದ ಕಡೆ ಸಂಧಿಗೆ ದಾರಿ ಸುಗಮವಾಯಿತು. ನಮ್ಮ ದುರದೃಷ್ಟಕ್ಕೆ ಕನ್ನಡದಲ್ಲಿ ಅಪವಾದ ಎಂದರೆ ನಿಂದೆಯೂ ಹೌದು. ಈಚೆಗೆ ಎಲ್ಲ ಅಪವಾದಗಳನ್ನೂ ನಾವು ಲೋಕಾಪವಾದದಂತೆಯೇ ನಡೆಸಿಕೊಳ್ಳುತ್ತಿದ್ದೇವೆ.

ಈಗ ನಿಮ್ಮ ಭಾಷಣಕಾರರ ವಿಚಾರ. ಓದಿದ ಹುಡುಗರು ಹಿಂತಿರುಗಬಾರದು, ಕಳಸದ ಒಬ್ಬನನ್ನು ಬಿಟ್ಟು, ಎಂದು ಯಾರಾದರೂ ನಿಯಮ ಬರೆದಿದ್ದಾರೆಯೇ? ಇಲ್ಲ. ಅವರು ಹೇಳಿದ್ದು ಯಾರೂ ಬರುವುದಿಲ್ಲ ಎಂದು. ನೀವು ಬಂದವನೊಬ್ಬನನ್ನು ತೋರಿಸಿದಿರಿ. ಅಲ್ಲಿಗೆ ಆ ಮಾತು ಸುಳ್ಳಾಯಿತು. ಹೆಚ್ಚಿನವರು ಬರುವುದಿಲ್ಲ ಎಂದು ತಿದ್ದಿಕೊಂಡಿದ್ದರೆ ನಾನೂ ತಲೆದೂಗುತ್ತಿದ್ದೆ. ಮೂಡಿಗೆರೆ, ಕೊಪ್ಪದ ಕಡೆ ಹಿರಿಯರಿಬ್ಬರೇ ಕಾಯುತ್ತಿರುವ ದೊಡ್ಡ ಮನೆಗಳು ನನ್ನ ಕಣ್ಣಿಗೂ ಬಿದ್ದಿವೆ. ಆದರೆ ತಿದ್ದಿಕೊಳ್ಳುವುದು ಕಷ್ಟ, ಇಂಗ್ಲಿಷ್ ಗಾದೆ ಎಸೆಯುವುದು ಸುಲಭ. ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದ ಹುಡುಗಿ ವೈದ್ಯಳಾದರೂ ಇದೇ ಗಾದೆ, ಕೂಲಿ ಲೈನಿನಲ್ಲಿ ಬೆಳೆದ ಹುಡುಗ ವಕೀಲನಾದರೂ ಇದೇ ಗಾದೆ. ಎದುರಿಗೆ ನಿಂತ ಮನುಷ್ಯನೇ ತನ್ನ ವಿರುದ್ಧ ಸಾಕ್ಷಿಯಾಗಬೇಕಾದ ಇಂಥ ನ್ಯಾಯ ರೋಮಿನಲ್ಲೂ ಇರಲಿಲ್ಲ.

ನಿಜವಾದ ಅಪವಾದಗಳು ಬರಹದಲ್ಲಿ ಇರುವ ಕಡೆಯೋ, ನಮ್ಮ ಕಚೇರಿಗಳು ಅವನ್ನೇ ನಿಯಮ ಮಾಡಿಕೊಂಡು ಕುಳಿತಿವೆ. 2005ರ ಮಾಹಿತಿ ಹಕ್ಕು ಅಧಿನಿಯಮದ 8ನೇ ಪ್ರಕರಣದ ಮೊದಲ ಉಪಪ್ರಕರಣದಲ್ಲಿ, ಕೊಡಬೇಕಾಗಿಲ್ಲದ ಮಾಹಿತಿಯನ್ನು ಹತ್ತು ಖಂಡಗಳಲ್ಲಿ ಎಣಿಸಿದ್ದಾರೆ. ಸಿಸೆರೊನ ಲೆಕ್ಕದಲ್ಲಿ ಉಳಿದದ್ದೆಲ್ಲ ಕೊಡಬೇಕಾದದ್ದು. ನಮ್ಮ ಪತ್ರಿಕೆ ಒಂದು ಕಚೇರಿಯಿಂದ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ ಕೇಳಿತ್ತು. ಯಾವ ಖಂಡ, ಏಕೆ ಎಂಬುದಿಲ್ಲದೆ '8ನೇ ಪ್ರಕರಣದ ಮೇರೆಗೆ ನಿರಾಕರಿಸಲಾಗಿದೆ' ಎಂಬ ಒಂದೇ ಸಾಲಿನ ಉತ್ತರ ಬಂತು. ಮೇಲ್ಮನವಿ ಹಾಕಿದ್ದೇವೆ. ಆ ರಸ್ತೆಯ ಗುಂಡಿಗಳಿಗೆ ಮಾತ್ರ ಯಾವ ವಿನಾಯಿತಿಯೂ ಸಿಕ್ಕಿದಂತಿಲ್ಲ, ಎಲ್ಲರಿಗೂ ಮುಕ್ತವಾಗಿ ಕಾಣಿಸುತ್ತಿವೆ.

ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ, ನಿಘಂಟು ತೆಗೆದು ನೋಡುವ ಮಕ್ಕಳು ಕಡಿಮೆ. ಇನ್ನು ಆ ಪಕ್ಕದ ಮನೆಯ ಹುಡುಗ. ಅವನು ಏಕೆ ಬಂದ, ಮೊದಲ ಮಳೆಗಾಲ ಹೇಗೆ ಕಳೆದ, ಆಳುಗಳನ್ನು ಎಲ್ಲಿಂದ ಹೊಂದಿಸುತ್ತಾನೆ, ಮೆಣಸಿನ ಸೊರಗು ರೋಗಕ್ಕೆ ಏನು ಮಾಡಿದ, ಇವನ್ನೆಲ್ಲ ಅವನಿಂದಲೇ ಬರೆಸಿ ಕಳಿಸಿ. ನಾಲ್ಕು ಪುಟ ಮೀರುವುದು ಬೇಡ, ಹಾಳೆಯ ಒಂದೇ ಬದಿಯಲ್ಲಿ ಬರೆಯಲಿ.

— ಸಂಪಾದಕ