ವೈರಸ್ ಲಸಿಕೆಯನ್ನು ನೋಡಿ ಪಾಠ ಕಲಿಯುತ್ತದೆಯೇ?

ಕೋವಿಡ್ ಲಸಿಕೆಯ ಎರಡು ಡೋಸ್ ಪಡೆದವರಿಗೂ ಕೊರೊನಾ ವೈರಸ್ಸಿನ ಒಮಿಕ್ರಾನ್ ತಳಿ ತಗುಲಿತಲ್ಲ, ಲಸಿಕೆಯನ್ನು ಮೀರುವುದನ್ನು ವೈರಸ್ ಕಲಿತದ್ದು ಹೇಗೆ ಎಂದು ಕೇಳಿದ್ದೀರಿ. ಅದು ಕಲಿಯಲಿಲ್ಲ. ಅದಕ್ಕೆ ಬುದ್ಧಿಯೂ ಇಲ್ಲ, ಉದ್ದೇಶವೂ ಇಲ್ಲ. ಇರುವುದು ನಕಲು ಮಾಡುವಾಗಿನ ಕೈತಪ್ಪು ಮಾತ್ರ.

ವೈರಸ್ಸಿನ ಆನುವಂಶಿಕ ಸಂಕೇತವನ್ನು ಹೊತ್ತ, ಸುಮಾರು 30,000 ಅಕ್ಷರಗಳ ಆರ್‌ಎನ್‌ಎ ನಕಲಾಗುವಾಗ ಆಗಾಗ ಒಂದು ಅಕ್ಷರ ತಪ್ಪುತ್ತದೆ. (ತಪ್ಪು ತಿದ್ದುವ ಕಿಣ್ವ ಇರುವುದರಿಂದ ಫ್ಲೂ ವೈರಸ್‌ಗಿಂತ ಇದು ಅಚ್ಚುಕಟ್ಟಾದ ನಕಲುಗಾರ ಎನ್ನಬೇಕು.) ಹೆಚ್ಚಿನ ತಪ್ಪುಗಳಿಂದ ಯಾವ ಲಾಭವೂ ಇಲ್ಲ. ಆದರೆ ಸೋಂಕನ್ನು ತಡೆಯುವ ನಮ್ಮ ಪ್ರತಿಕಾಯಗಳು (ರಕ್ತದಲ್ಲಿನ ರಕ್ಷಕ ಪ್ರೋಟೀನುಗಳು) ಹೆಚ್ಚಾಗಿ ಅಂಟಿಕೊಳ್ಳುವುದು ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೋಟೀನಿನ ಕೆಲವೇ ಜಾಗಗಳಿಗೆ; ತಪ್ಪು ಅಲ್ಲೇ ಬಿದ್ದರೆ ವೈರಸ್‌ಗೆ ಲಾಭ. ಒಮಿಕ್ರಾನ್‌ಗಿಂತ ಮೊದಲು ಬಂದ ಬೀಟಾ ತಳಿಯನ್ನೇ ನೋಡಿ: ಸ್ಪೈಕ್‌ನ 484ನೇ ಸ್ಥಾನದಲ್ಲಿ ಗ್ಲುಟಮಿಕ್ ಆಮ್ಲ ಎಂಬ ಅಮೈನೋ ಆಮ್ಲದ (ಪ್ರೋಟೀನಿನ ಘಟಕದ) ಬದಲು ಲೈಸಿನ್ ಎಂಬ ಇನ್ನೊಂದು ಬಂದು ಕುಳಿತಿತು, ಆ ಜಾಗದ ವಿದ್ಯುದಂಶ ಋಣದಿಂದ ಧನಕ್ಕೆ ತಿರುಗಿತು, ಹಲವು ಪ್ರತಿಕಾಯಗಳ ಹಿಡಿತ ಸಡಿಲವಾಯಿತು. ಬಹುತೇಕರಲ್ಲಿ ರೋಗನಿರೋಧಕತೆ ಇರುವಾಗ ಇಂಥ ಪ್ರತಿಗಳೇ ಹೆಚ್ಚು ಹರಡುತ್ತವೆ. ಆ ನಿರೋಧಕತೆ ಲಸಿಕೆಯದ್ದೋ ಹಿಂದಿನ ಸೋಂಕಿನದ್ದೋ ಎಂಬ ಭೇದ ವೈರಸ್‌ಗೆ ಇಲ್ಲ. ಆದ್ದರಿಂದ ‘ಲಸಿಕೆಯೇ ರೂಪಾಂತರಿಗಳನ್ನು ಹುಟ್ಟಿಸಿತು’ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಬೀಟಾ ಕಾಣಿಸಿಕೊಂಡದ್ದು 2020ರಲ್ಲಿ, ಸಾಮೂಹಿಕ ಲಸಿಕೆ ಅಭಿಯಾನಗಳಿಗೂ ಮೊದಲು.

2021ರ ನವೆಂಬರಿನಲ್ಲಿ ವರದಿಯಾದ ಒಮಿಕ್ರಾನಿನ ಸ್ಪೈಕ್‌ನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಇಷ್ಟೊಂದು ಒಟ್ಟಿಗೆ ಸೇರಿದ್ದಕ್ಕೆ, ನಿರೋಧಕ ಶಕ್ತಿ ಕುಂದಿದ ವ್ಯಕ್ತಿಯೊಬ್ಬರಲ್ಲಿ ತಿಂಗಳುಗಟ್ಟಲೆ ಉಳಿದ ಸೋಂಕು ಕಾರಣವಿರಬಹುದು ಎಂಬುದು ಒಂದು ಪ್ರಬಲ ಊಹೆ.

ಆದರೂ ಲಸಿಕೆ ಪಡೆದವರಲ್ಲಿ ತೀವ್ರ ಕಾಯಿಲೆ ಕಡಿಮೆಯಿತ್ತಲ್ಲವೇ? ಅದಕ್ಕೆ ಒಂದು ಕಾರಣ ಟಿ ಕೋಶಗಳು, ಅಂದರೆ ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಕೊಲ್ಲಲು ನೆರವಾಗುವ ಬಿಳಿ ರಕ್ತಕಣಗಳು. ಅವು ಸ್ಪೈಕ್‌ನ ಉದ್ದಕ್ಕೂ ಹರಡಿರುವ ಅನೇಕ ತುಣುಕುಗಳನ್ನು ಗುರುತಿಸುತ್ತವೆ. ಆ ತುಣುಕುಗಳಲ್ಲಿ ಹೆಚ್ಚಿನವು ಒಮಿಕ್ರಾನ್‌ನಲ್ಲಿ ಬದಲಾಗಿರಲೇ ಇಲ್ಲ.